ಅಡ್ಡ ಪಾಸಿನ ಟೋನಿ, ಗೊಣಗುವ ಜರ್ಮನ್ನರು

ಸ್ಟುಟ್‌ಗಾರ್ಟ್‌ನ ಆಫೀಸ್ ಕ್ಯಾಂಟೀನಿನಲ್ಲಿ ಫುಟ್‌ಬಾಲ್ ಮಾತು ಶುರುವಾದರೆ ಊಟ ತಣ್ಣಗಾಗುತ್ತದೆ. ಈ ಕಡೆಯ ಷ್ವಾಬಿಯನ್ನರು ಗೊಣಗುವುದಕ್ಕೆ ಹೆಸರುವಾಸಿ. ಅಂಥವರಿಗೆ ಇಲ್ಲಿ 'ಬ್ರುಡ್ಲರ್' ಅಂತಾರೆ. ನಾನು ಬಂದ ಹೊಸತರಲ್ಲಿ ಅವರ ಬಾಯಿಗೆ ಜಾಸ್ತಿ ಸಿಗುತ್ತಿದ್ದವನು ಟೋನಿ ಕ್ರೋಸ್. ವಿಶ್ವಕಪ್ ಗೆದ್ದವನು, ಸ್ಪೇನಿನ ರಿಯಲ್ ಮ್ಯಾಡ್ರಿಡ್ ಕ್ಲಬ್ಬಿನ ಮಿಡ್‌ಫೀಲ್ಡ್ ನಡೆಸುತ್ತಿದ್ದವನು. ಆದರೂ ಇವರು ಅವನಿಗಿಟ್ಟ ಅಡ್ಡಹೆಸರು 'ಕ್ವೇರ್‌ಪಾಸ್ ಟೋನಿ', ಅಂದರೆ ಅಡ್ಡ ಪಾಸಿನ ಟೋನಿ. ಮುನ್ನುಗ್ಗಲ್ಲ, ಮೈ ಕೈ ಕೆಸರು ಮಾಡ್ಕೊಳ್ಳಲ್ಲ, ಎಡಕ್ಕೂ ಬಲಕ್ಕೂ ಚೆಂಡು ತಳ್ಳುತ್ತಾ ಕೂರ್ತಾನೆ ಅನ್ನುವುದು ದೂರು. ದ್ರಾವಿಡ್ ನಿಧಾನ ಅಂತ ನಮ್ಮೂರಿನಲ್ಲೇ ಬೈದವರನ್ನು ಕೇಳಿ ಬೆಳೆದ ನನಗೆ ಈ ಧಾಟಿ ಹೊಸದೇನಲ್ಲ. ಆದರೆ ಇಷ್ಟು ಗೆದ್ದವನ ಮೇಲೆ ಇಷ್ಟೊಂದು ಅಸಮಾಧಾನ ಯಾಕೆ ಅನ್ನುವುದು ಬಹಳ ದಿನ ಬಗೆಹರಿಯಲಿಲ್ಲ.

ಕ್ರೋಸ್ ಹುಟ್ಟಿದ್ದು 1990ರ ಜನವರಿ 4ರಂದು, ಬಾಲ್ಟಿಕ್ ಕಡಲ ಬದಿಯ ಗ್ರೈಫ್ಸ್‌ವಾಲ್ಡ್‌ನಲ್ಲಿ. ಬರ್ಲಿನ್ ಗೋಡೆ ಬಿದ್ದಾಗಿತ್ತು, ಆದರೆ ಎರಡು ಜರ್ಮನಿಗಳು ಇನ್ನೂ ಒಂದಾಗಿರಲಿಲ್ಲ. ಹಾಗಾಗಿ ಲೆಕ್ಕದಲ್ಲಿ ಅವನು ಪೂರ್ವ ಜರ್ಮನಿಯ ಕೂಸು. 2014ರಲ್ಲಿ ವಿಶ್ವಕಪ್ ಎತ್ತಿದ ತಂಡದಲ್ಲಿ ಆ ದೇಶದಲ್ಲಿ ಹುಟ್ಟಿದವನು ಇವನೊಬ್ಬನೇ. ಅಪ್ಪ ರೋಲಾಂಡ್ ಫುಟ್‌ಬಾಲ್ ಕೋಚ್, ಅಮ್ಮ ಬ್ಯಾಡ್ಮಿಂಟನ್ ಆಟಗಾರ್ತಿ. ತಮ್ಮ ಫೆಲಿಕ್ಸ್ ಕೂಡ ವೃತ್ತಿಪರ ಆಟಗಾರನಾದ. ಊರಿನ ಕ್ಲಬ್, ಆಮೇಲೆ ಹಾನ್ಸಾ ರೋಸ್ಟಾಕ್, ಹದಿನಾರಕ್ಕೆ ಬಯರ್ನ್ ಮ್ಯೂನಿಕ್. 2007ರ 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಟೂರ್ನಿಯ ಶ್ರೇಷ್ಠ ಆಟಗಾರ. ಅದೇ ತಿಂಗಳು ಬಯರ್ನ್ ಪರ ಕಾಟ್‌ಬುಸ್ ವಿರುದ್ಧ ಬದಲಿ ಆಟಗಾರನಾಗಿ ಇಳಿದು ಕ್ಲೋಸೆಗೆ ಎರಡು ಗೋಲುಗಳ ಪಾಸ್ ಕೊಟ್ಟ. ನಡುವೆ ಒಂದೂವರೆ ವರ್ಷ ಲೆವರ್ಕುಸೆನ್‌ಗೆ ಎರವಲು ಹೋಗಿ ಬಂದ. 2014ರ ವಿಶ್ವಕಪ್ ಸೆಮಿಫೈನಲ್ಲಿನಲ್ಲಿ ಬ್ರೆಜಿಲ್ಲನ್ನು ಅವರ ನೆಲದಲ್ಲೇ 7-1ರಿಂದ ಹೊಡೆದ ಪಂದ್ಯ ನೆನಪಿದೆ ಅಲ್ವಾ? ಅದರಲ್ಲಿ 69 ಸೆಕೆಂಡಿನೊಳಗೆ ಎರಡು ಗೋಲು ಇವನದ್ದೇ.

ಅದರ ಬೆನ್ನಿಗೇ ಬಯರ್ನ್ ಅವನನ್ನು ಮಾರಿತು. ಸಂಬಳದ ವಿಷಯದಲ್ಲಿ ಹೊಂದಾಣಿಕೆ ಆಗಲಿಲ್ಲ, ಒಪ್ಪಂದ ಇನ್ನೊಂದೇ ವರ್ಷ ಉಳಿದಿತ್ತು. ರಿಯಲ್ ಮ್ಯಾಡ್ರಿಡ್ ಕೊಟ್ಟದ್ದು ಸುಮಾರು 25 ದಶಲಕ್ಷ ಯೂರೋ. ಆಗಷ್ಟೇ ವಿಶ್ವಕಪ್ ಗೆದ್ದ 24 ವರ್ಷದ ಹುಡುಗನಿಗೆ ಅದು ಸಂತೆಯಲ್ಲಿ ಸಾಯಂಕಾಲದ ಸೊಪ್ಪಿನ ರೇಟು. ಮ್ಯಾಡ್ರಿಡ್‌ನಲ್ಲಿ ಕಾಸೆಮಿರೊ ಮತ್ತು ಮಾಡ್ರಿಚ್ ಜೊತೆ ಕೂಡಿ 2016, 2017, 2018ರಲ್ಲಿ ಸತತ ಮೂರು ಬಾರಿ ಚಾಂಪಿಯನ್ಸ್ ಲೀಗ್, ಅಂದರೆ ಯುರೋಪಿನ ಕ್ಲಬ್‌ಗಳ ಅತಿ ದೊಡ್ಡ ಟೂರ್ನಿ, ಗೆದ್ದ. ಆಮೇಲೆ 2022, 2024. ಬಯರ್ನ್ ಜೊತೆ ಗೆದ್ದ 2013ರದ್ದೂ ಸೇರಿದರೆ ಆರು.

ನನ್ನ ಪ್ರಕಾರ ಗಂಟು ಇರುವುದು ಇಲ್ಲೇ. ಜರ್ಮನ್ನರು ಆಟಗಾರರನ್ನು ಅರಿಯುವುದು ಶನಿವಾರಗಳಲ್ಲಿ. ಮಧ್ಯಾಹ್ನ ಮೂರೂವರೆಗೆ ದೇಶದ ಲೀಗ್ ಆದ ಬುಂಡೆಸ್‌ಲೀಗದ ಪಂದ್ಯಗಳು, ಸಂಜೆ ಆರೂವರೆಗೆ ಟಿವಿಯಲ್ಲಿ 'ಷ್ಪೋರ್ಟ್‌ಷಾವ್'. ಹೀಗೆ ವಾರವಾರ ನೋಡಿ ನೋಡಿ ಒಬ್ಬನ ಆಟ ಮೈಗಂಟುತ್ತದೆ. ಕ್ರೋಸ್ ಮತ್ತೆಂದೂ ಜರ್ಮನಿಯ ಕ್ಲಬ್ಬಿಗೆ ಆಡಲೇ ಇಲ್ಲ. ಅವನ ಶನಿವಾರಗಳೆಲ್ಲ ಸ್ಪೇನಿನ ಪಾಲಾದವು. ಇಲ್ಲಿನ ಜನರಿಗೆ ಅವನು ಸಿಕ್ಕಿದ್ದು ದೊಡ್ಡ ಟೂರ್ನಿಗಳಲ್ಲಿ, ಅದೂ ತಂಡ ಮುಗ್ಗರಿಸಿದಾಗ. 2018ರ ವಿಶ್ವಕಪ್‌ನಲ್ಲಿ ಸೋಚಿಯಲ್ಲಿ ಸ್ವೀಡನ್ ವಿರುದ್ಧ ಮೊದಲು ಅವನ ತಪ್ಪು ಪಾಸಿನಿಂದಲೇ ಗೋಲಾಯಿತು. ಅದೇ ಪಂದ್ಯದ 95ನೇ ನಿಮಿಷದಲ್ಲಿ ತಂಡ ಹತ್ತೇ ಮಂದಿಗೆ ಇಳಿದಿದ್ದಾಗ ಫ್ರೀಕಿಕ್‌ನಿಂದ ಗೆಲ್ಲಿಸಿದವನೂ ಅವನೇ. ನಾಲ್ಕು ದಿನದ ಮೇಲೆ ದಕ್ಷಿಣ ಕೊರಿಯಾಗೆ ಸೋತು ತಂಡ ಮನೆಗೆ ಹೋಯಿತು. ಜನ ನೆನಪಿಟ್ಟದ್ದು ಆ ಸೋಲನ್ನೇ. 2021ರಲ್ಲಿ ವೆಂಬ್ಲಿಯಲ್ಲಿ ಇಂಗ್ಲೆಂಡ್ ವಿರುದ್ಧ ಸೋತ ಮೇಲೆ ಕ್ರೋಸ್ ದೇಶದ ತಂಡಕ್ಕೆ ವಿದಾಯ ಹೇಳಿದ. ಬಯರ್ನ್‌ನ ಮಾಜಿ ಅಧ್ಯಕ್ಷ ಉಲಿ ಹ್ಯೋನೆಸ್ ಅಂತೂ ಈ ಕಾಲದ ಫುಟ್‌ಬಾಲ್‌ನಲ್ಲಿ ಅವನಿಗೆ ಜಾಗವಿಲ್ಲ, ಅಡ್ಡಡ್ಡ ಆಡುವ ಕಾಲ ಮುಗಿಯಿತು ಅಂತ ತೀರ್ಪೇ ಕೊಟ್ಟುಬಿಟ್ಟರು. ಮರುವರ್ಷ ಆ ಅಡ್ಡಡ್ಡ ಆಡುವವನು ಮತ್ತೊಂದು ಚಾಂಪಿಯನ್ಸ್ ಲೀಗ್ ಗೆದ್ದ!

ಫೈನಲ್ ಗೆದ್ದ ಆ ರಾತ್ರಿ ಪ್ಯಾರಿಸ್‌ನಲ್ಲಿ ಜರ್ಮನ್ ಟಿವಿ ವರದಿಗಾರ ಮೈಕ್ ಹಿಡಿದು, ಲಿವರ್‌ಪೂಲ್ ನಿಮ್ಮನ್ನು ಅಷ್ಟು ಒತ್ತಡಕ್ಕೆ ಸಿಲುಕಿಸಿತಲ್ಲ ಅನ್ನುವ ಧಾಟಿಯಲ್ಲಿ ಕೇಳಿದ. ಕ್ರೋಸ್‌ಗೆ ಪಿತ್ತ ನೆತ್ತಿಗೇರಿತು. ತೊಂಬತ್ತು ನಿಮಿಷ ಸಮಯವಿತ್ತು, ಒಳ್ಳೆಯ ಪ್ರಶ್ನೆ ಯೋಚಿಸೋಕಾಗಲಿಲ್ವಾ ಅಂತ ರೇಗಿದ. ನೀನು ಜರ್ಮನಿಯವನು ಅನ್ನೋದು ಕೂಡಲೇ ಗೊತ್ತಾಗುತ್ತೆ ಅನ್ನುತ್ತಾ ಹೊರಟೇಹೋದ. ಮರುದಿನ ಕ್ಯಾಂಟೀನ್ ಎರಡು ಹೋಳಾಯಿತು. ಅರ್ಧ ಜನ ಅವನಿಗೆ ಸೊಕ್ಕು ಅಂದರು. ಇನ್ನರ್ಧ ಜನ ಮಾತಾಡದೆ ನಕ್ಕರು, ತಮ್ಮ ಮನೆಯ ಗುಟ್ಟು ಯಾರೋ ಬೀದಿಯಲ್ಲಿ ಹೇಳಿದಂತೆ.

2023ರ ನವೆಂಬರ್‌ನಲ್ಲಿ ಜರ್ಮನಿ ಟರ್ಕಿಗೆ ಸೋತಿತು, ಆಸ್ಟ್ರಿಯಾಗೂ ಸೋತಿತು. ಮನೆಯಂಗಳದ ಯೂರೋ ಕಪ್‌ಗೆ ಏಳೇ ತಿಂಗಳು. ಕೋಚ್ ನಾಗೆಲ್ಸ್‌ಮನ್ ಕರೆದರು, 34ರ ಕ್ರೋಸ್ ಬಂದ. 2024ರ ಮಾರ್ಚ್‌ನಲ್ಲಿ ಲಿಯೋನ್‌ನಲ್ಲಿ ಫ್ರಾನ್ಸ್ ವಿರುದ್ಧ ಆಟ ಶುರುವಾಗಿ ಏಳನೇ ಸೆಕೆಂಡಿಗೆ ಅವನ ಉದ್ದ ಪಾಸ್, ವಿರ್ಟ್ಸ್‌ನ ಗೋಲು. ನಾನು ಸೋಫಾದಲ್ಲಿ ಸರಿಯಾಗಿ ಕೂತೂ ಇರಲಿಲ್ಲ. ಮೂರು ದಿನದ ಮೇಲೆ ನೆದರ್‌ಲೆಂಡ್ಸ್ ವಿರುದ್ಧ ನಮ್ಮ ಸ್ಟುಟ್‌ಗಾರ್ಟ್ ಕ್ಲಬ್ಬಿನ ಮಿಟೆಲ್‌ಷ್ಟೆಟ್ ಗೋಲು ಹೊಡೆದು, ಕ್ರೋಸ್‌ನ ಕಾರ್ನರ್‌ನಿಂದ ಗೆಲುವಿನ ಗೋಲು ಬಂದ ಮೇಲೆ ನಮ್ಮ ಕ್ಯಾಂಟೀನಿನ ದನಿ ಬದಲಾಯಿತು. ಜೂನ್ 14ರಂದು ಮ್ಯೂನಿಕ್‌ನಲ್ಲಿ ಸ್ಕಾಟ್ಲೆಂಡ್ ವಿರುದ್ಧ 5-1. ಅಂದು ಕ್ರೋಸ್ ಕೊಟ್ಟ 102 ಪಾಸ್‌ಗಳಲ್ಲಿ 101 ಗುರಿ ಮುಟ್ಟಿದವು. ಯಾವತ್ತೂ ಗೊಣಗುವ ಸಹೋದ್ಯೋಗಿಯೊಬ್ಬರು ಮರುವಾರ ಕೇಳಿದ್ದು, ಆ ಒಂದು ಪಾಸ್ ಹೇಗೆ ತಪ್ಪಿತು ಅಂತ. ಅವರ ಬಾಯಲ್ಲಿ ಅದು ಹೊಗಳಿಕೆ. ಊರಲ್ಲಿ ನೀವು ಅದೇ ಪಂದ್ಯಕ್ಕೆ ರಾತ್ರಿ ಹನ್ನೆರಡೂವರೆಗೆ ಎದ್ದು ಕೂತಿದ್ದಿರಿ ಅಂದರೆ ಇಲ್ಲಿ ಯಾರೂ ನಂಬುವುದಿಲ್ಲ.

ಜುಲೈ 5ರ ಕ್ವಾರ್ಟರ್ ಫೈನಲ್ ನಮ್ಮ ಸ್ಟುಟ್‌ಗಾರ್ಟ್‌ನಲ್ಲೇ ಇತ್ತು, ಸ್ಪೇನ್ ವಿರುದ್ಧ. ಟಿಕೆಟ್ ನನ್ನಂಥವರಿಗೆ ಎಲ್ಲಿಂದ ಬರಬೇಕು? ಷ್ಲೋಸ್‌ಪ್ಲಾಟ್ಸ್‌ನ ದೊಡ್ಡ ಪರದೆ ಮುಂದೆ ನಿಂತೆ. ನಿಜ ಹೇಳಬೇಕು ಅಂದರೆ ಕ್ರೋಸ್‌ಗೆ ಅದು ಒಳ್ಳೆಯ ದಿನವಲ್ಲ. ಶುರುವಿನಲ್ಲೇ ಸ್ಪೇನಿನ ಪೆದ್ರಿಗೆ ಗುದ್ದಿದ, ಆ ಹುಡುಗ ಎಂಟನೇ ನಿಮಿಷಕ್ಕೆ ಅಂಗಳ ಬಿಡಬೇಕಾಯಿತು. ಕಾರ್ಡ್ ಸಿಗದಿದ್ದುದು ಅವನ ಅದೃಷ್ಟ. 89ನೇ ನಿಮಿಷದಲ್ಲಿ ವಿರ್ಟ್ಸ್ ಸಮ ಮಾಡಿದಾಗ ಮುಂದೆ ನಿಂತವನ ಬಿಯರ್ ಪೂರ್ತಿ ನನ್ನ ಶರ್ಟಿನ ಮೇಲೆ ಬಂತು. 119ನೇ ನಿಮಿಷದಲ್ಲಿ ಸ್ಪೇನಿನ ಮೆರಿನೊ ತಲೆಯಿಂದ ಗೋಲು ಹೊಡೆದ, ನಾವು 2-1ರಿಂದ ಸೋತೆವು. ಕ್ರೋಸ್‌ನ ವೃತ್ತಿ ಅಲ್ಲಿಗೆ ಮುಗಿಯಿತು. ದೇಶಕ್ಕೆ 114 ಪಂದ್ಯ, 17 ಗೋಲು. ಆ ಟೂರ್ನಿ ಮುಗಿದ ಮೇಲೆ ಆಡುವುದಿಲ್ಲ ಅಂತ ಮೇ ತಿಂಗಳಲ್ಲೇ ಹೇಳಿದ್ದ. ಹಾಗೇ ನಡೆದುಕೊಂಡ. ಇನ್ನೊಂದೆರಡು ವರ್ಷ ಅರಾಮಾಗಿ ಆಡಬಹುದಿತ್ತು ಅಂತ ಈಗ ವಾದಿಸುವವರು ಯಾರು ಗೊತ್ತಾ? ಅದೇ ಹಳೇ ಬ್ರುಡ್ಲರ್‌ಗಳು!

ಅವನ ಆಟ ನೋಡದವರು ಗೋಲುಗಳ ವಿಡಿಯೋ ಹುಡುಕಬೇಡಿ, ಅಲ್ಲಿ ಹೆಚ್ಚೇನೂ ಸಿಗಲ್ಲ. 2024ರ ಏಪ್ರಿಲ್ 30ರ ಚಾಂಪಿಯನ್ಸ್ ಲೀಗ್ ಸೆಮಿಫೈನಲ್ ನೋಡಿ, ಮ್ಯೂನಿಕ್‌ನಲ್ಲಿ, ತನ್ನನ್ನು ಮಾರಿದ ಬಯರ್ನ್ ಎದುರೇ. 24ನೇ ನಿಮಿಷ. ಚೆಂಡು ಕ್ರೋಸ್ ಕಾಲಲ್ಲಿದೆ. ಮ್ಯಾಡ್ರಿಡ್‌ನ ವಿನೀಸಿಯಸ್ ಪಾಸ್ ಕೇಳುವವನ ಹಾಗೆ ಅವನ ಕಡೆಗೇ ಬರುತ್ತಾನೆ, ಬಯರ್ನ್‌ನ ಕಿಮ್ ಮಿನ್-ಜೇ ಬೆನ್ನು ಬಿಡದೆ ಹಿಂದೆ ಬರುತ್ತಾನೆ. ಕ್ರೋಸ್ ಕಿಮ್ ಬಿಟ್ಟುಬಂದ ಖಾಲಿ ಜಾಗದತ್ತ ಕೈ ತೋರಿಸುತ್ತಾನೆ. ವಿನೀಸಿಯಸ್ ಗಿರ್ರನೆ ತಿರುಗಿ ಓಡುತ್ತಾನೆ, ಚೆಂಡು ರಕ್ಷಣಾ ಸಾಲನ್ನು ಸೀಳಿ ಅವನ ಮುಂದೆ ಹೋಗಿ ಬೀಳುತ್ತದೆ. ಕಾಲಲ್ಲಿ ಅದೇ ಬಿಳಿ ಅಡಿಡಾಸ್ 11ಪ್ರೊ ಬೂಟು. ಅಂಗಡಿಗಳಿಂದ ಮಾಯವಾಗಿ ವರ್ಷಗಳಾದರೂ ಕಂಪನಿ ಇವನಿಗಾಗಿ ಮಾಡಿಕೊಡುತ್ತಿದ್ದ ಮಾಡೆಲ್ಲು. ಈ ಪಾಸ್ ಮಾತ್ರ ಅಡ್ಡ ಅಲ್ಲ, ನೆಟ್ಟಗೆ ಉದ್ದಕ್ಕೆ. ನಮ್ಮ ಕ್ಯಾಂಟೀನಿನಲ್ಲಿ ಇದನ್ನು ಫೋನಿನಲ್ಲಿ ಹಾಕಿ ತೋರಿಸಿದಾಗಲೂ ಒಬ್ಬರು ಕಿಮ್ ಯಾಕೆ ಅಷ್ಟು ಮುಂದೆ ಬಂದ ಅಂತಲೇ ಗೊಣಗಿದರು.