ಅಷ್ಟು ನಿಧಾನ ಯಾಕೆ ಅಂತ ಕೇಳುವವರಿಗೆ

ನಾನು ತಾಯ್ ಚಿ, ಅಂದರೆ ನಿಧಾನವಾಗಿ ಮೈ ಆಡಿಸುವ ಚೀನಾದ ವಿದ್ಯೆಯನ್ನು, ಅಭ್ಯಾಸ ಮಾಡುತ್ತೇನೆ ಅಂತ ಗೊತ್ತಾದ ಕೂಡಲೇ ಬರುವ ಪ್ರಶ್ನೆ ಒಂದೇ. "ಅಷ್ಟು ನಿಧಾನ ಯಾಕೆ? ಸ್ವಲ್ಪ ಬೇಗ ಮಾಡಿದ್ರೆ ಆಗಲ್ವಾ?" ಉತ್ತರ ಹೇಳಿ ಹೇಳಿ ನನಗೆ ಸಾಕಾಗಿದೆ. ಅರ್ಧ ಹೇಳುವಷ್ಟರಲ್ಲಿ ಕೇಳಿದವರ ಗಮನ ಬೇರೆ ಕಡೆ ಹೋಗಿರುತ್ತದೆ. ಅದಕ್ಕೇ ಇಲ್ಲಿ ಪೂರ್ತಿ ಬರೆದಿಡುತ್ತಿದ್ದೇನೆ.

ಮೊದಲು ಚಿಕ್ಕ ಉತ್ತರ ಕೊಟ್ಟುಬಿಡುತ್ತೇನೆ. ಬೇಗ ಮಾಡಿದರೆ ತಪ್ಪು ಮುಚ್ಚಿಹೋಗುತ್ತದೆ. ನಿಧಾನ ಮಾಡಿದರೆ ಮುಚ್ಚಿಡಲು ಜಾಗವೇ ಸಿಗುವುದಿಲ್ಲ. ಮುಂದೆ ಬರೆದಿರುವುದೆಲ್ಲ ಇದರ ವಿವರ.

ನಿಜ ಹೇಳಬೇಕೆಂದರೆ ಪ್ರಶ್ನೆಗಿಂತ ಜಾಸ್ತಿ ಕಿರಿಕಿರಿ ಆಗುವುದು ಅದನ್ನು ಕೇಳುವ ರೀತಿಯಿಂದ. ಕೇಳುವಾಗ ಎಲ್ಲರೂ ಎರಡೂ ಕೈ ಎತ್ತಿ ಗಾಳಿಯಲ್ಲಿ ಆಡಿಸುತ್ತಾರೆ. ಕಣ್ಣು ಅರ್ಧ ಮುಚ್ಚುತ್ತಾರೆ. ಕೆಲವರು ಜೊತೆಗೆ ಬಾಯಲ್ಲಿ "ಹೂಂ..." ಅಂತ ಸಣ್ಣ ರಾಗವನ್ನೂ ಎಳೆಯುತ್ತಾರೆ. ಕಾಲು ಮಾತ್ರ ಇದ್ದಲ್ಲೇ ಇರುತ್ತದೆ. ಕುರ್ಚಿ ಬಿಟ್ಟು ಏಳದೆ ಅಣಕಿಸಿದವರೂ ಇದ್ದಾರೆ. ಇಷ್ಟು ಜನರಲ್ಲಿ ಒಬ್ಬರಾದರೂ ಕಾಲಿನಿಂದ ಅಣಕಿಸಿದ್ದನ್ನು ನಾನು ಕಂಡಿಲ್ಲ. ತಾಯ್ ಚಿ ಇರುವುದೇ ಕಾಲಲ್ಲಿ ಕಣ್ರೀ! ಕಾಲಲ್ಲಿ, ಆಮೇಲೆ ಸೊಂಟದಲ್ಲಿ. ಕೈಯ ಸರದಿ ಬರುವುದು ಕೊನೆಗೆ. ಹಳೆಯ ಚೀನೀ ಪಾಠಗಳು ಇದನ್ನು ನೇರವಾಗಿಯೇ ಹೇಳುತ್ತವೆ: ಬೇರು ಪಾದದಲ್ಲಿ, ಹೊರಡುವುದು ಕಾಲಿನಿಂದ, ಹಿಡಿತ ಸೊಂಟದ್ದು, ಕಾಣಿಸಿಕೊಳ್ಳುವುದು ಬೆರಳಲ್ಲಿ. ಜನ ನೋಡುವುದು ಬೆರಳನ್ನು ಮಾತ್ರ.

ಒಂದು ಸಲ ಮನೆ ತುಂಬ ನೆಂಟರಿದ್ದರು. ಚಿಕ್ಕಪ್ಪ ಕರೆದರು. "ಏನಮ್ಮಾ, ಅದೇನೋ ಚೀನಾದ್ದು ಕಲೀತಿದೀಯಂತಲ್ಲ, ಎಲ್ಲಿ, ಮಾಡಿ ತೋರ್ಸು ನೋಡೋಣ. ಆದ್ರೆ ಸ್ವಲ್ಪ ಬೇಗ ಮಾಡು, ಊಟಕ್ಕೆ ಹೊತ್ತಾಯ್ತು."

ಎದ್ದು ನಿಂತೆ. ಪಾದಗಳನ್ನು ಭುಜದಷ್ಟು ಅಗಲಕ್ಕೆ ಇಟ್ಟೆ. ಶುರುವಿನ ಭಂಗಿಯಲ್ಲಿ ಹೊರಗೆ ಕಾಣುವುದು ಇಷ್ಟೇ: ಎರಡೂ ಕೈ ಭುಜದ ಮಟ್ಟಕ್ಕೆ ಏಳುತ್ತವೆ, ಮತ್ತೆ ಕೆಳಗಿಳಿಯುತ್ತವೆ. ನನ್ನ ಕೈ ಇನ್ನೂ ಹೊಟ್ಟೆಯ ಮಟ್ಟ ದಾಟಿರಲಿಲ್ಲ, ಹಿಂದಿನಿಂದ ಅತ್ತೆ ಕೇಳಿದರು, "ಶುರು ಆಯ್ತಾ?"

ಎಲ್ಲರೂ ನಕ್ಕರು. ನನಗೂ ನಗು ಬಂತು. ನಗು ಮುಗಿದ ಮೇಲೆ ಕೋಪ ಬಂತು. ಯಾಕೆಂದರೆ ಅತ್ತೆ ಕೇಳಿದ್ದು ನಿಜವಾಗಿಯೂ ಒಳ್ಳೆಯ ಪ್ರಶ್ನೆ. ಉತ್ತರ ಕೇಳುವ ಪುರುಸೊತ್ತು ಮಾತ್ರ ಅಲ್ಲಿ ಯಾರಿಗೂ ಇರಲಿಲ್ಲ.

ಶುರು ಆಗಿತ್ತು ಅತ್ತೆ. ಕೈ ಏಳುವ ಎಷ್ಟೋ ಮೊದಲೇ ಶುರು ಆಗಿತ್ತು. ಜೋಡಿಸಿ ನಿಂತ ಎರಡು ಪಾದಗಳಲ್ಲಿ ಎಡಗಾಲನ್ನು ಪಕ್ಕಕ್ಕೆ ಇಡಬೇಕಲ್ಲ, ಅದಕ್ಕೆ ಮೈಯ ಭಾರವೆಲ್ಲ ಮೊದಲು ಬಲಗಾಲಿಗೆ ಹೋಗಬೇಕು. ಸುಮ್ನೆ ಆ ಕಡೆ ವಾಲಿದರೆ ಆಗುವುದಿಲ್ಲ. ಬಲಗಾಲಿನ ಮೇಲೆ ಪೂರ್ತಿ ಕೂರಬೇಕು. ಎಡಗಾಲು ತಾನಾಗಿ ಹಗುರ ಆಗಬೇಕು. ಹಿಮ್ಮಡಿ ಏಳುತ್ತದೆ, ಆಮೇಲೆ ಬೆರಳು. ಪಕ್ಕದಲ್ಲಿ ಮೊದಲು ಬೆರಳು ತಾಗುತ್ತದೆ, ಆಮೇಲೆ ಹಿಮ್ಮಡಿ ಇಳಿಯುತ್ತದೆ. ಅದಾದ ಮೇಲೆ ಭಾರ ನಿಧಾನವಾಗಿ ನಡುವಿಗೆ ಬರುತ್ತದೆ. ಇಷ್ಟೆಲ್ಲ ಆಗುವಾಗ ತಲೆ ಮೇಲೆ ಕೆಳಗೆ ಆಗಬಾರದು. ನೀವು ಕೈ ನೋಡುತ್ತಾ ಕಾದಿರಿ, ಅಷ್ಟರಲ್ಲಿ ನನ್ನ ಅರ್ಧ ಪಾಠ ಆಗಿತ್ತು.

"ಮೊದಲಿಂದಲೂ ಇಷ್ಟೇ ನಿಧಾನ ಇತ್ತಾ?" ಅಂತ ಅಪರೂಪಕ್ಕೆ ಯಾರಾದರೂ ಕೇಳುತ್ತಾರೆ. ಅವರನ್ನು ಕಂಡರೆ ನನಗೆ ಪ್ರೀತಿ. ಇರಲಿಲ್ಲ. ತಾಯ್ ಚಿ ಮೂಲದಲ್ಲಿ ಹೊಡೆದಾಟದ ವಿದ್ಯೆ. ಚೀನಾದ ಹೆನಾನ್ ಪ್ರಾಂತ್ಯದಲ್ಲಿ ಚೆನ್ ಜಿಯಾಗೌ ಅಂತ ಒಂದು ಹಳ್ಳಿ ಇದೆ. ಅಲ್ಲಿನ ಚೆನ್ ಮನೆತನದ ಶೈಲಿಯಲ್ಲಿ ಇವತ್ತಿಗೂ ನಿಧಾನದ ನಡುವೆ ಥಟ್ಟನೆ ಹೊಡೆತ ಬರುತ್ತದೆ. ನೆಲಕ್ಕೆ ಕಾಲು ಅಪ್ಪಳಿಸುವುದಿದೆ, ಜಿಗಿತ ಇದೆ. ಆ ಹಳ್ಳಿಯಲ್ಲಿ ಚೆನ್ ಚಾಂಗ್‌ಶಿಂಗ್ ಅವರ ಕೈಕೆಳಗೆ ಕಲಿತವರು ಯಾಂಗ್ ಲೂಚಾನ್ (1799–1872). ವಿದ್ಯೆಯನ್ನು ಬೀಜಿಂಗ್‌ಗೆ ಒಯ್ದು ಅಲ್ಲಿ ಕಲಿಸಿದವರೂ ಅವರೇ. ಅವರ ಮೊಮ್ಮಗ ಯಾಂಗ್ ಚೆಂಗ್‌ಫು (1883–1936) ಕಾಲದಲ್ಲಿ ಇವತ್ತು ನಾವು ನೋಡುವ ರೂಪ ಬಂತು. ಜಿಗಿತ, ಅಪ್ಪಳಿಸುವುದು ಹೋಯಿತು. ಚಲನೆ ದೊಡ್ಡದಾಯಿತು. ಮೊದಲಿಂದ ಕೊನೆವರೆಗೆ ಒಂದೇ ವೇಗ ಬಂತು.

ನಾನು ಕಲಿಯುತ್ತಿರುವುದು ಆ ರೂಪದ ಉದ್ದದ ವರಸೆ, ಅಂದರೆ ಒಂದರ ಹಿಂದೆ ಒಂದು ಬರುವ ಭಂಗಿಗಳ ಸಾಲು. ಸಾಮಾನ್ಯವಾಗಿ 108 ಭಂಗಿ ಅನ್ನುತ್ತಾರೆ. ಕೆಲವರ ಲೆಕ್ಕದಲ್ಲಿ 85, ಇನ್ನು ಕೆಲವರ ಲೆಕ್ಕದಲ್ಲಿ 103. ಎಣಿಸುವ ರೀತಿ ಬೇರೆ ಬೇರೆ, ವರಸೆ ಒಂದೇ. ಒಂದು ಸಲ ಮುಗಿಸಲು 20ರಿಂದ 30 ನಿಮಿಷ ಬೇಕು. 1956ರಲ್ಲಿ ಚೀನಾದ ಕ್ರೀಡಾ ಆಯೋಗ ಇದರಿಂದ 24 ಭಂಗಿಗಳನ್ನು ಆರಿಸಿ ಒಂದು ಚಿಕ್ಕ ವರಸೆ ಮಾಡಿಸಿತು. ಅದು ಐದಾರು ನಿಮಿಷದಲ್ಲಿ ಮುಗಿಯುತ್ತದೆ. ಪ್ರಪಂಚದಲ್ಲೆಲ್ಲ ಜಾಸ್ತಿ ಜನ ಮಾಡುವುದು ಇದನ್ನೇ. ಅದು ಒಳ್ಳೆಯದೇ, ತಕರಾರಿಲ್ಲ. ಆದರೆ ಉದ್ದದ್ದರಲ್ಲಿ ಒಂದು ಸುಖ ಇದೆ. ಗುಬ್ಬಿಯ ಬಾಲ ಹಿಡಿಯುವ ಭಂಗಿ, ಒಂಟಿ ಚಾಟಿ, ಮೋಡದ ಕೈ, ಇವೆಲ್ಲ ಮತ್ತೆ ಮತ್ತೆ ಬರುತ್ತವೆ. ಮೊದಲ ಸಲ ಸೊಂಟ ತಿರುಗದೆ ಬರೀ ಭುಜ ತಿರುಗಿದ್ದು ಗೊತ್ತಾದರೆ, ಸ್ವಲ್ಪ ಹೊತ್ತಿನಲ್ಲೇ ಅದೇ ಭಂಗಿ ಇನ್ನೊಂದು ಸಲ ಸಿಗುತ್ತದೆ. "ಮಾಡಿದ್ದನ್ನೇ ಮಾಡ್ತೀರಲ್ಲ, ಬೇಜಾರಾಗಲ್ವಾ?" ಅಂತಲೂ ಕೇಳುತ್ತಾರೆ. ಇಲ್ಲ, ನನಗೆ ಅದೇ ಬೇಕು.

ಯಾಂಗ್ ಚೆಂಗ್‌ಫು ಹೇಳಿದ ಹತ್ತು ಮುಖ್ಯ ಮಾತುಗಳನ್ನು ಅವರ ಶಿಷ್ಯ ಚೆನ್ ವೈಮಿಂಗ್ ಬರೆದಿಟ್ಟಿದ್ದಾರೆ. ಹತ್ತನೆಯದರಲ್ಲಿ ನಿಮ್ಮ ಪ್ರಶ್ನೆಗೆ ನೇರ ಉತ್ತರ ಇದೆ: ನಿಧಾನವಾದಷ್ಟೂ ಒಳ್ಳೆಯದು, ನಿಧಾನ ಮಾಡಿದರೆ ಉಸಿರು ನೀಳವಾಗಿ ಆಳಕ್ಕೆ ಇಳಿಯುತ್ತದೆ. ನನಗೆ ಇನ್ನೂ ದೊಡ್ಡ ಉತ್ತರ ಸಿಕ್ಕಿದ್ದು ನಾಲ್ಕನೆಯದರಲ್ಲಿ. ಮೈ ಪೂರ್ತಿ ಬಲಗಾಲಿನ ಮೇಲೆ ಕೂತಾಗ ಬಲಗಾಲು ತುಂಬಿದೆ, ಎಡಗಾಲು ಖಾಲಿ ಇದೆ. ಯಾವುದು ತುಂಬಿದೆ, ಯಾವುದು ಖಾಲಿ ಅನ್ನುವುದು ಗೊತ್ತಿದ್ದರೆ ತಿರುಗುವುದು ಹಗುರ, ಶಕ್ತಿಯ ಖರ್ಚಿಲ್ಲ. ಗೊತ್ತಿಲ್ಲದಿದ್ದರೆ ಹೆಜ್ಜೆ ಭಾರ, ನಿಲುವು ಅಲುಗಾಟ, ಯಾರು ಬೇಕಾದರೂ ಎಳೆದಾಡಬಹುದು.

ನಾವು ದಿನಾ ನಡೆಯುವುದನ್ನು ಗಮನಿಸಿ ನೋಡಿ. ಮೈ ಮುಂದಕ್ಕೆ ಬೀಳುತ್ತದೆ, ಕಾಲು ಹೋಗಿ ತಡೆಯುತ್ತದೆ. ಮತ್ತೆ ಬೀಳುತ್ತದೆ, ಮತ್ತೆ ತಡೆಯುತ್ತದೆ. ಆ ವೇಗವೇ ನಮ್ಮನ್ನು ಎತ್ತಿ ಹಿಡಿದಿರುತ್ತದೆ. ಸೈಕಲ್ ಜೋರಾಗಿ ಹೊಡೆಯುವುದು ಯಾರಿಗೂ ಕಷ್ಟವಲ್ಲ. ಸ್ಲೋ ಸೈಕಲ್ ರೇಸ್‌ನಲ್ಲಿ ಗೆಲ್ಲುವುದು ಕಷ್ಟ, ಅಲ್ವಾ? ಹಾಗೇ ಇದು. ತಾಯ್ ಚಿ ಹೆಜ್ಜೆಯಲ್ಲಿ ಬೀಳುವುದು ಅನ್ನುವುದೇ ಇಲ್ಲ. ಪಾದ ಖಾಲಿಯಾಗಿಯೇ ಹೋಗಿ ನೆಲ ಮುಟ್ಟುತ್ತದೆ. ಮುಟ್ಟಿದ ಮೇಲೂ ಬೇಡ ಅನಿಸಿದರೆ ವಾಪಸ್ ತೆಗೆಯುವಂತಿರಬೇಕು. ಹಾಗೆ ತೆಗೆಯಲು ಆಗದಿದ್ದರೆ ಭಾರ ಮೊದಲೇ ಜಾರಿದೆ ಅಂತ ಅರ್ಥ. ಬೇಗ ಮಾಡಿದರೆ ಇದು ಹೊರಗಿನವರಿಗೂ ತಿಳಿಯುವುದಿಲ್ಲ, ಮಾಡುವವರಿಗೂ ತಿಳಿಯುವುದಿಲ್ಲ. ಅದಕ್ಕೇ ನಿಧಾನ.

ಇಷ್ಟು ಹೇಳಿದ ಮೇಲೆ ಒಂದು ಮಾತು. ನನ್ನನ್ನು ಯಾರಾದರೂ "ಈಗ ನಿಮಗೆ ಯಾವುದು ಕಷ್ಟ ಆಗ್ತಿದೆ?" ಅಂತ ಕೇಳಿದ್ದರೆ ಎಷ್ಟು ಚೆನ್ನಾಗಿತ್ತು. ಒಬ್ಬರೂ ಕೇಳಿಲ್ಲ. ಯಾಕೆ, ಎಷ್ಟು ದಿನ, ತೂಕ ಇಳಿಯುತ್ತಾ, ಇವೇ ಬರುತ್ತವೆ. ಕೇಳದಿದ್ದರೂ ಹೇಳುತ್ತೇನೆ.

ಕೋತಿಯನ್ನು ಹಿಮ್ಮೆಟ್ಟಿಸುವುದು ಅಂತ ಒಂದು ಭಂಗಿ ಇದೆ. ಹಿಂದೆ ಹಿಂದೆ ಹೆಜ್ಜೆ ಇಡುತ್ತಾ ಒಂದೊಂದೇ ಕೈಯಿಂದ ಮುಂದಕ್ಕೆ ತಳ್ಳುವುದು. ಎಡಗಾಲಿನ ಮೇಲೆ ಇಡೀ ಭಾರ ಇದೆ ಅಂತಿಟ್ಟುಕೊಳ್ಳಿ. ಬಲಗಾಲು ಏಳುತ್ತದೆ, ಹಿಂದಕ್ಕೆ ಹೋಗುತ್ತದೆ. ಮೊದಲು ನೆಲ ಮುಟ್ಟುವುದು ಬೆರಳು. ಮುಟ್ಟುತ್ತದೆ ಅಷ್ಟೇ, ಊರುವುದಿಲ್ಲ. ಆಮೇಲೆ ಪಾದ ಮೆಲ್ಲಗೆ ಹಿಮ್ಮಡಿವರೆಗೆ ಇಳಿಯುತ್ತದೆ. ಅದಾದ ಮೇಲೆ ಭಾರ ಹಿಂದೆ ಬರಬೇಕು. ಭಾರ ಬರುವಾಗಲೇ ಒಂದು ಕೈ ಕಿವಿಯ ಪಕ್ಕದಿಂದ ಮುಂದೆ ಹೋಗುತ್ತದೆ, ಇನ್ನೊಂದು ಸೊಂಟದ ಕಡೆ ಇಳಿಯುತ್ತದೆ. ಹಿಂದೆ ತಿರುಗಿ ನೆಲ ನೋಡುವ ಹಾಗಿಲ್ಲ. ಹಿಂದಿನ ಪಾದ ಮುಂದಿನ ಪಾದದ ಸಾಲಿಗೇ ಹೋಗಿ ಬಿದ್ದರೆ ಮೈ ತೂಗಾಡುತ್ತದೆ. ಆದ್ದರಿಂದ ನಡುವೆ ಅಗಲ ಉಳಿಸಿಕೊಳ್ಳಬೇಕು, ಅದೂ ನೋಡದೆ.

ಕಷ್ಟ ಇರುವುದು ಎಲ್ಲಿ ಗೊತ್ತಾ? ಪಾದ ನೆಲ ಮುಟ್ಟುವ ಮೊದಲಿನ ಕೊನೆಯ ಎರಡು ಬೆರಳಷ್ಟು ಅಂತರದಲ್ಲಿ. ಅಲ್ಲಿವರೆಗೆ ಎಲ್ಲ ಸರಿಯಾಗಿ ಬಂದಿರುತ್ತದೆ. ಎಡ ತೊಡೆ ಉರಿಯುತ್ತಿರುತ್ತದೆ. ನೆಲ ಹತ್ತಿರ ಇದೆ ಅಂತ ಮೈಗೆ ಗೊತ್ತು. "ಇನ್ನು ಸಾಕು" ಅಂತ ಅದು ಆ ಎರಡು ಬೆರಳಷ್ಟನ್ನು ಬಿದ್ದುಬಿಡುತ್ತದೆ. ಕಾಲು ಧೊಪ್ ಅನ್ನುತ್ತದೆ. ಶಬ್ದ ತುಂಬಾ ಸಣ್ಣದು, ಪಕ್ಕದಲ್ಲಿ ನಿಂತವರಿಗೂ ಕೇಳಿಸುವುದಿಲ್ಲ. ನನಗೆ ಕೇಳಿಸುತ್ತದೆ. ಆ ಎರಡು ಬೆರಳಷ್ಟು ಜಾಗ ನನ್ನದಾಗಬೇಕು ಅನ್ನುವುದೇ ಈಗ ನನ್ನ ಆಸೆ.

ಇದರ ಜೊತೆಗೆ ಇಬ್ಬರು ಎದುರು ಬದುರು ನಿಂತು ಮಾಡುವ ಅಭ್ಯಾಸವೂ ಇದೆ, ಕೈ ತಳ್ಳಾಟ. ಮಣಿಕಟ್ಟಿಗೆ ಮಣಿಕಟ್ಟು ತಾಗಿಸಿಕೊಂಡು ಸುತ್ತು ಹಾಕುವುದು. ಅವರು ತಳ್ಳಿದಾಗ ನಾವು ಎದುರು ತಳ್ಳಬಾರದು, ಸೊಂಟ ತಿರುಗಿಸಿ ದಾರಿ ಬಿಡಬೇಕು. ನಮ್ಮ ಗುರುಗಳ ಎದುರು ನಿಂತಾಗ ಅವರ ಕೈ ನನ್ನ ಕೈ ಮೇಲೆ ಇದೆಯೋ ಇಲ್ಲವೋ ಅನ್ನುವಷ್ಟು ಹಗುರ. ಅವರು ತಳ್ಳಿದಂತೆಯೂ ಕಾಣಲಿಲ್ಲ, ನನ್ನ ಎರಡೂ ಹಿಮ್ಮಡಿ ನೆಲ ಬಿಟ್ಟಿದ್ದವು. "ಮೊಣಕೈ ಗಟ್ಟಿ ಮಾಡ್ಕೊಂಡ್ರಿ ನೋಡಿ, ನನಗೆ ಹಿಡಿ ಸಿಕ್ತು" ಅಂದರು. ನಾನೇ ಮಾಡಿಕೊಟ್ಟ ಹಿಡಿ ಅದು. ಮೊಣಕೈ ಗಟ್ಟಿಯಾಗುವ ಆ ಕ್ಷಣವನ್ನು ಹಿಡಿಯಲು ಕಲಿಯುವುದು ವರಸೆಯಲ್ಲಿ, ಒಬ್ಬರೇ ಇರುವಾಗ, ನಿಧಾನವಾಗಿ. "ಇದು ಜಗಳದಲ್ಲಿ ಉಪಯೋಗಕ್ಕೆ ಬರುತ್ತಾ?" ಅನ್ನುವವರಿಗೂ ಇದೇ ಉತ್ತರ ಅಂದುಕೊಳ್ಳಿ. ನನಗೆ ಯಾರ ಜೊತೆಗೂ ಜಗಳವಿಲ್ಲ.

"ವಯಸ್ಸಾದವರಿಗೆ ಮಾತ್ರ ಅಲ್ವಾ ಇದು?" ಅನ್ನುವವರಿಗೆ ಒಂದು ವಿಷಯ. 2012ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಒಂದು ಅಧ್ಯಯನ ಬಂತು. ಪಾರ್ಕಿನ್ಸನ್ ಕಾಯಿಲೆ ಇದ್ದ 195 ಜನರನ್ನು ಮೂರು ಗುಂಪು ಮಾಡಿದ್ದರು. ಒಂದು ಗುಂಪಿಗೆ ತಾಯ್ ಚಿ, ಒಂದಕ್ಕೆ ಭಾರ ಹಾಕಿ ಮಾಡುವ ವ್ಯಾಯಾಮ, ಇನ್ನೊಂದಕ್ಕೆ ಮೈ ಚಾಚುವ ವ್ಯಾಯಾಮ. ವಾರಕ್ಕೆ ಎರಡು ಸಲ, ಒಂದೊಂದು ಗಂಟೆ, 24 ವಾರ. ಮೈಯ ಸಮತೋಲನದ ಪರೀಕ್ಷೆಯಲ್ಲಿ ತಾಯ್ ಚಿ ಗುಂಪು ಉಳಿದ ಎರಡಕ್ಕಿಂತ ಮುಂದಿತ್ತು. ಮೈ ಚಾಚುವ ಗುಂಪಿನವರಿಗಿಂತ ಇವರು ಬಿದ್ದದ್ದೂ ಕಡಿಮೆ. ಕಾಯಿಲೆಯಿಂದ ಹೆಜ್ಜೆ ತಪ್ಪುವವರಿಗೆ ನೆಲದ ಮೇಲೆ ಭರವಸೆ ಬರಿಸುವ ವಿದ್ಯೆಯನ್ನು "ಮಾತ್ರ" ಅಂತ ಪಕ್ಕಕ್ಕೆ ಸರಿಸುವುದು ನನಗೆ ಸರಿ ಕಾಣುವುದಿಲ್ಲ. ವಯಸ್ಸಾದವರು ಮಾಡುತ್ತಾರೆ, ಹೌದು. ಅವರ ಜೊತೆ ನಿಂತು ಮಾಡಿದವರಿಗೆ ಗೊತ್ತು, ಅವರ ಕಾಲು ಎಷ್ಟು ಗಟ್ಟಿ ಅಂತ.

ಇದನ್ನೆಲ್ಲ ಓದಿ ಯಾರಿಗಾದರೂ ಕಲಿಯಬೇಕು ಅನಿಸಿದರೆ, ಕಲಿಸುವವರು ನಿಮ್ಮ ಕೈ ನೋಡುತ್ತಾರೋ ಕಾಲು ನೋಡುತ್ತಾರೋ ಗಮನಿಸಿ. ಕಾಲು ನೋಡುವವರ ಹತ್ತಿರ ಹೋಗಿ. ಶುರುವಿನಲ್ಲಿ ತುಂಬಾ ಕೆಳಗೆ ಕೂರಬೇಡಿ. ಕೆಳಗೆ ಕೂತಷ್ಟೂ ಚೆನ್ನಾಗಿ ಕಾಣುತ್ತದೆ, ಮೊಣಕಾಲಿಗೆ ಅದು ಬೇಡ. ಮೊಣಕಾಲು ಕಾಲ್ಬೆರಳ ದಿಕ್ಕಿಗೇ ಇರಲಿ, ಒಳಕ್ಕೆ ಮಡಚದಿರಲಿ, ಬೆರಳ ತುದಿ ದಾಟಿ ಮುಂದೆ ಹೋಗದಿರಲಿ. ತಿರುಗುವಾಗ ಭಾರ ಇರುವ ಮೊಣಕಾಲನ್ನು ತಿರುಚಬೇಡಿ, ಸೊಂಟದ ಕೀಲಿನಿಂದ ತಿರುಗಿ. ತೊಡೆ ಉರಿದರೆ ಉರಿಯಲಿ. ಮೊಣಕಾಲು ನೋಯುತ್ತಿದ್ದರೆ ಮಾತ್ರ ಅಲ್ಲೇ ನಿಲ್ಲಿಸಿ, ಸ್ವಲ್ಪ ಎತ್ತರಕ್ಕೆ ನಿಂತು ಚಿಕ್ಕ ಹೆಜ್ಜೆಯಲ್ಲಿ ಮಾಡಿ. ಕಲಿಸುವವರಿಗೂ ಅವತ್ತೇ ಹೇಳಿ.