ಹೆರೆಸ್‌ನಲ್ಲಿ ಅಮ್ಮ ಕಂಡ ಹೆಪ್ಪು

ಸ್ಪೇನಿನ ಸೆವಿಯಾದಿಂದ ಹೆರೆಸ್‌ಗೆ ರೈಲಿನಲ್ಲಿ ಒಂದು ಗಂಟೆ ಚಿಲ್ಲರೆ. ಶೆರ್ರಿ ವೈನಿನ ಊರು ಅದು. ಅರಬರು ಈ ಊರನ್ನು ಶೆರೀಶ್ ಅನ್ನುತ್ತಿದ್ದರು, ಶೆರ್ರಿ ಅನ್ನುವ ಹೆಸರು ಬಂದದ್ದೇ ಅಲ್ಲಿಂದ. ಅಮ್ಮನಿಗೆ ಇದರಲ್ಲಿ ಆಸಕ್ತಿ ಇರಲಿಲ್ಲ. "ನೀನು ಒಳಗೆ ಹೋಗಿ ಬಾ, ನಾನು ಹೊರಗೆ ಕೂತಿರ್ತೀನಿ" ಅಂತ ರೈಲಿನಲ್ಲೇ ಹೇಳಿದ್ದಳು.

ಬೆಳಿಗ್ಗೆ ಮೊದಲು ಅಲ್ಕಾಸರ್ ಕೋಟೆ ನೋಡಿದೆವು. ಒಳಗಿನ ಪುಟ್ಟ ಮಸೀದಿಯಲ್ಲಿ ಸ್ವಲ್ಪ ಹೊತ್ತು ಸುಮ್ನೆ ಕೂತೆವು. ಹೊರಗೆ ಬಂದಾಗ ಬಿಸಿಲು ಏರಿತ್ತು. ಹಾಗಾಗಿ ಅಮ್ಮನೂ ನನ್ನ ಜೊತೆ ಬೊದೆಗಾ ಒಳಗೆ ಬಂದಳು. ವೈನ್ ಹಣ್ಣಾಗುವ ಉಗ್ರಾಣಕ್ಕೆ ಅಲ್ಲಿ ಹಾಗನ್ನುತ್ತಾರೆ.

ಒಳಗೆ ಎಂಥಾ ತಂಪು! ದೇವಸ್ಥಾನದ ಪ್ರಾಂಗಣದ ಹಾಗೆ ಎತ್ತರದ ಸೂರು. ಮಣ್ಣಿನ ನೆಲಕ್ಕೆ ನೀರು ಚಿಮುಕಿಸಿದ್ದರು. ಕಪ್ಪು ಬಣ್ಣ ಬಳಿದ ಓಕ್ ಪೀಪಾಯಿಗಳು ಒಂದರ ಮೇಲೊಂದು ಸಾಲಾಗಿ ಮಲಗಿದ್ದವು. ಒಂದೊಂದಕ್ಕೂ ಸುಮಾರು 600 ಲೀಟರ್ ಹಿಡಿಯುತ್ತದೆ, ಆದರೆ ಪೂರ್ತಿ ತುಂಬುವುದಿಲ್ಲ. ಯಾಕೆ ಅಂತ ತೋರಿಸಲು ಒಂದು ಪೀಪಾಯಿಯ ಮುಖಕ್ಕೆ ಗಾಜು ಕೂರಿಸಿದ್ದರು. ಬಗ್ಗಿ ನೋಡಿದೆವು. ಹೊನ್ನಿನ ಬಣ್ಣದ ವೈನ್ ಮೇಲೆ ಬೆಳ್ಳಗೆ, ಸುಕ್ಕುಸುಕ್ಕಾಗಿ ಒಂದು ಪದರ.

"ಕೆನೆ ಕಟ್ಟಿದೆಯಲ್ಲೇ!" ಅಂದಳು ಅಮ್ಮ.

ಅದು ಯೀಸ್ಟ್, ಅದು ಬೆಳೆಯಲೆಂದೇ ಪೀಪಾಯಿಯಲ್ಲಿ ಜಾಗ ಬಿಡುವುದು. ಈ ಪದರಕ್ಕೆ ಫ್ಲೋರ್ ಅನ್ನುತ್ತಾರೆ, ಅಂದರೆ ಅವರ ಭಾಷೆಯಲ್ಲಿ ಹೂವು. ಅದು ವೈನಿಗೆ ಗಾಳಿ ತಾಗದಂತೆ ಕಾಯುತ್ತದೆ, ಅದರಿಂದಲೇ ಫಿನೋ ಅನ್ನುವ ಬಗೆಯ ಶೆರ್ರಿ ತಿಳಿಯಾಗಿ ಉಳಿಯುತ್ತದೆ. ಆಲ್ಕೋಹಾಲ್ ಶೇ. 15ರ ಹತ್ತಿರ ಇದ್ದರೆ ಹೂವು ಬದುಕುತ್ತದೆ. 17 ದಾಟಿದರೆ ಇಲ್ಲ. ಆಗ ಗಾಳಿ ಕುಡಿದು ಕಂದು ಬಣ್ಣಕ್ಕೆ ತಿರುಗುವ ವೈನೇ ಒಲೊರೊಸೊ.

ಆಮೇಲೆ ಗೈಡ್ ಹುಡುಗಿ ಸೊಲೆರಾ ಪದ್ಧತಿ ವಿವರಿಸಿದಳು. ಬಾಟಲಿಗೆ ತುಂಬಲು ತೆಗೆಯುವುದು ಕೆಳಗಿನ ಸಾಲಿನಿಂದ, ಅದೂ ಒಂದು ಪಾಲು ಮಾತ್ರ. ಅಷ್ಟನ್ನು ಮೇಲಿನ ಸಾಲಿನಿಂದ ತುಂಬುತ್ತಾರೆ, ಅದಕ್ಕೆ ಅದರ ಮೇಲಿನದ್ದರಿಂದ. ಹೊಸ ವೈನ್ ಸೇರುವುದು ಎಲ್ಲಕ್ಕಿಂತ ಮೇಲಿನ ಸಾಲಿಗೆ. ಯಾವ ಪೀಪಾಯಿಯೂ ಬರಿದಾಗುವುದಿಲ್ಲ. ಹಳೆಯದರ ಜೊತೆ ಇದ್ದು ಇದ್ದು ಹೊಸದಕ್ಕೂ ಅದೇ ಗುಣ ಬರುತ್ತದೆ.

ನಾನು ಕನ್ನಡದಲ್ಲಿ ಹೇಳಿ ಮುಗಿಸುವ ಮೊದಲೇ ಅಮ್ಮ, "ಹೆಪ್ಪು ಹಾಕಿದ ಹಾಗೇ ಅಲ್ವಾ?" ಅಂದಳು. ನಮ್ಮನೆ ಹೆಪ್ಪು ಅಜ್ಜಿ ಮನೆಯಿಂದ ಬಂದದ್ದು. ಮನೆ ಬದಲಾಯಿಸಿದಾಗಲೆಲ್ಲ ಅಮ್ಮ ಅದನ್ನು ಚಿಕ್ಕ ಸ್ಟೀಲ್ ಡಬ್ಬಿಯಲ್ಲಿ ಮಡಿಲಲ್ಲಿಟ್ಟು ತಂದಿದ್ದಾಳೆ. ಗೈಡ್‌ಗೆ ಇದನ್ನು ಹೇಳಿದೆ. ಅವಳು ಅಮ್ಮನ ಕೈ ಹಿಡಿದು ಕೆಳಗಿನ ಸಾಲಿನ ಪೀಪಾಯಿಯ ಮೇಲೆ ಇಟ್ಟಳು. "ಮೊದಲ ವರ್ಷದ ಒಂದು ಹನಿ ಇದರಲ್ಲಿ ಇನ್ನೂ ಇದೆ" ಅಂದಳು. ಅಮ್ಮ ತುಂಬಾ ಹೊತ್ತು ಕೈ ತೆಗೆಯಲಿಲ್ಲ.

ಕೊನೆಗೆ ಒಬ್ಬರು ವೆನೆನ್ಸಿಯಾ ತಂದರು. ಉದ್ದ ಕಡ್ಡಿಯ ತುದಿಗೆ ಪುಟ್ಟ ಬಟ್ಟಲು. ಕೆನೆ ಕದಡದಂತೆ ಅದನ್ನು ಒಳಗಿಳಿಸಿ, ತಲೆಯೆತ್ತರದಿಂದ ಗ್ಲಾಸಿಗೆ ಸುರಿದರು. ಒಂದು ಹನಿಯೂ ಚೆಲ್ಲಲಿಲ್ಲ. ಫಿನೋದಲ್ಲಿ ಸಿಹಿಯೇ ಇಲ್ಲ, ಹಸಿ ಬಾದಾಮಿಯ ರುಚಿ. ಅಮ್ಮ ಕುಡಿಯಲಿಲ್ಲ, ಮೂಸಿ ನೋಡಿ ತಲೆಯಾಡಿಸಿದಳು. ಹೆರೆಸ್‌ಗೆ ಹೋಗುವವರಿಗೆ ನಾನು ಹೇಳುವುದಿಷ್ಟೆ: ದಿನಕ್ಕೆ ಒಂದು ಬೊದೆಗಾ ಸಾಕು, ನಿಧಾನವಾಗಿ ನೋಡಿ.

ವಾಪಸು ರೈಲು ಹತ್ತಿದ ಕೂಡಲೇ ಅಮ್ಮ ಫೋನ್ ಕೇಳಿದಳು. ಊರಲ್ಲಿ ಆಗ ರಾತ್ರಿ ಎಂಟು. ಪಕ್ಕದ ಮನೆ ಆಂಟಿಗೆ ಮಾಡಿ, ಕ್ಷೇಮ ಕೂಡ ವಿಚಾರಿಸದೆ ಕೇಳಿದಳು, "ಹೆಪ್ಪಿಗೆ ಒಂದು ಚಮಚ ತೆಗೆದಿಟ್ಟಿದ್ದೀರಾ?"