ಬಿಡಿ ಗೇರ್‌ಬಾಕ್ಸ್ ತಂದ ಮೇಲೆ

ಅಡಿಕೆ ತೋಟದೊಳಗೆ ಗೊಬ್ಬರ, ಗೊನೆ ಸಾಗಿಸುವ ಮೂರು ಚಕ್ರದ ಎಲೆಕ್ಟ್ರಿಕ್ ಗಾಡಿಗೆ ಗೇರು ಬೇಕೆಂದು ತೀರ್ಮಾನವಾದಾಗ ನಮ್ಮ ಮ್ಯಾನೇಜರು, “ಬೈಕಿನದೇ ಒಂದು ಗೇರ್‌ಬಾಕ್ಸ್ ತಂದು ಕೂರಿಸಿ, ಅದೇನು ಮಹಾ ಕೆಲಸ” ಎಂದರು. ಇಂದಿನ ಬಹುತೇಕ ಬೈಕುಗಳಲ್ಲಿ ಗೇರುಗಳು ಎಂಜಿನ್ನಿನ ಕವಚವಾದ ಕ್ರ್ಯಾಂಕ್‌ಕೇಸಿನೊಳಗೇ ಇರುವುದರಿಂದ, ಗೇರಷ್ಟೇ ಸಾಕೆಂದವರು ಕೇಸನ್ನು ಕೊಯ್ಯಬೇಕು, ಇಲ್ಲವೇ ಸತ್ತ ಎಂಜಿನ್ನನ್ನೂ ಹೊತ್ತು ತಿರುಗಬೇಕು. ಹಾರ್ಲೆ-ಡೇವಿಡ್‌ಸನ್ನಿನ ದೊಡ್ಡ ಬೈಕುಗಳ ಗೇರ್‌ಬಾಕ್ಸ್ ಬೇರೆಯೇ ಇರುತ್ತದಾದರೂ ನಮ್ಮ ಬಜೆಟ್ಟಿಗೆ ಅದು ಎಟುಕುವಂಥದ್ದಲ್ಲ. ಉಳಿದದ್ದು ಹಳೆಯ ಬುಲೆಟ್ಟಿನ ನಾಲ್ಕು ಗೇರಿನ, ಆಲ್ಬಿಯನ್ ಎಂಬ ಬಿಡಿ ಗೇರ್‌ಬಾಕ್ಸ್. ರಾಯಲ್ ಎನ್‌ಫೀಲ್ಡ್ ಕಂಪನಿಯೇ ತನ್ನ 325 ಸಿಸಿ ಡೀಸೆಲ್ ಬೈಕಾದ ಟಾರಸ್‌ಗೆ ನಾಲ್ಕು ಗೇರಿನ ಇಂಥದೇ ಬಿಡಿ ಪೆಟ್ಟಿಗೆಯನ್ನು ಜೋಡಿಸಿದ್ದರಿಂದ ನಮಗೂ ಧೈರ್ಯ ಬಂದಿತ್ತು.

ಶಿವಾಜಿನಗರದ ಗುಜರಿಯಲ್ಲಿ ಸಿಗುವ ಮಾಲಿಗೂ ಮೂರು ಕೊಟೇಶನ್ ಕೇಳಿದ ಪರ್ಚೇಸ್ ವಿಭಾಗದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಪೆಟ್ಟಿಗೆಯನ್ನು ಆರಿಸಿಕೊಟ್ಟವರು ನಮ್ಮ ಹಿರಿಯ ಫಿಟ್ಟರು. ಈ ಪೆಟ್ಟಿಗೆಯ ಟಾಪ್ ಗೇರು ನೇರ 1:1 ಆದ್ದರಿಂದ, ಅವರು ಟಾಪಿಗೆ ಹಾಕಿ ಕ್ಲಚ್ಚನ್ನು ಒಂದು ಸುತ್ತು ತಿರುಗಿಸಿ, ಹಿಂಚಕ್ರದ ಚೈನು ಕೂರುವ ಹಲ್ಲಿನ ಚಕ್ರವಾದ ಸ್ಪ್ರಾಕೆಟ್ ಕೂಡ ಸರಿಯಾಗಿ ಒಂದೇ ಸುತ್ತು ಬಂತೇ ಎಂದು ನೋಡಿದರು. ಮೇನ್‌ಶಾಫ್ಟನ್ನು ಅಲುಗಾಡಿಸಿ ಬೇರಿಂಗಿನ ಸಡಿಲವನ್ನು ಅಂದಾಜಿಸಿದರು. ಪೆಟ್ಟಿಗೆಯನ್ನು ಬಿಗಿಯುವ ಸ್ಟಡ್ ಕೂರುವ ಕಿವಿಗಳಲ್ಲಿ ಬಿರುಕಿದೆಯೇ ಎಂದು ಬೆರಳಾಡಿಸಿದರು.

ಬುಲೆಟ್ಟಿನಲ್ಲಿ ಈ ಪೆಟ್ಟಿಗೆ ಎಂಜಿನ್ನಿನ ಬೆನ್ನಿಗೇ ಬೋಲ್ಟಾಗಿರುತ್ತದೆ, ಕ್ಲಚ್ಚು, ಎಂಜಿನ್ನಿನಿಂದ ತನಗೆ ಬರುವ ಪ್ರೈಮರಿ ಚೈನಿನ ಕೇಸಿನ ಎಣ್ಣೆಯಲ್ಲಿ ತಿರುಗುತ್ತದೆ. ಕೇಸನ್ನು ತಗಡಿನಲ್ಲಿ ಮಾಡಿಕೊಂಡೆವು. ಬೆನ್ನಿನ ಬದಲಿಗೆ ತೆಳು ಪ್ಲೇಟೊಂದನ್ನು ಕೊಟ್ಟು, ಪ್ರೈಮರಿ ಚೈನು ಪೆಟ್ಟಿಗೆಯನ್ನು ಮುಂದಕ್ಕೆ ಎಳೆಯುತ್ತದೆಂದು ಮುಂದಿನಿಂದಷ್ಟೇ ಆಸರೆ ನಿಲ್ಲಿಸಲು ಹೇಳಿದವನು ನಾನೇ.

ಸಮತಟ್ಟಿನಲ್ಲಿ ಗಾಡಿ ಚೆನ್ನಾಗಿಯೇ ಓಡಿತು. ಮೂಟೆ ತುಂಬಿ ಇಳಿಜಾರಿನ ಬುಡದಿಂದ ಮೊದಲ ಗೇರಿನಲ್ಲಿ ಏರಿಸತೊಡಗಿದಾಗ, ನಿಂತಲ್ಲಿಂದಲೇ ಪೂರ್ತಿ ಬಲ ಕೊಡುವ ಮೋಟಾರಿನ ಸದ್ದಿನೊಳಗೆ ಸಣ್ಣದೊಂದು ಕೀರಲು ಸೇರಿಕೊಂಡಿತು. ಪಕ್ಕದಲ್ಲಿ ಬಗ್ಗಿ ನಡೆಯುತ್ತಿದ್ದ ಫಿಟ್ಟರು, “ಸಾರ್, ಬಾಕ್ಸ್ ಹಿಂದಕ್ಕೆ ಹೋಗ್ತಾ ಇದೆ, ಪ್ರೈಮರಿ ಬಿಗೀತಾ ಇದೆ” ಎಂದು ಕೂಗಿದರು. ಮುಂದಕ್ಕೆ ಎಂದಿರಬೇಕು ಎಂದುಕೊಂಡು ನಾನು ಮುಂದಿನ ಆಸರೆಯನ್ನೇ ನೋಡುತ್ತ ನಿಂತೆ. ಚಾಲಕನಿಗೆ ಏನೂ ಕೇಳಿಸಿರಲಿಲ್ಲ. ಚೈನು ತುಂಡಾದರೆ ಮೂಟೆಸಮೇತ ಗಾಡಿ ಹಿಂದಕ್ಕೆ, ಅಂದರೆ ನಮ್ಮಿಬ್ಬರ ಮೇಲೆಯೇ ಬರುತ್ತಿತ್ತು. ಫಿಟ್ಟರು ಬಾನೆಟ್ಟಿಗೆ ಸ್ಪ್ಯಾನರಿನಿಂದ ಬಡಿದ ಮೇಲೆ ಆತ ಆಕ್ಸಿಲರೇಟರ್ ಬಿಟ್ಟು ಬ್ರೇಕು ಒತ್ತಿದ. ಪ್ಲೇಟು ಟಕ್ಕೆಂದು ಮೊದಲಿನ ಜಾಗಕ್ಕೆ ಮರಳಿತು.

ಮೊದಲ ಗೇರಿನಲ್ಲಿ ಟಾರ್ಕ್ ಹೆಚ್ಚುತ್ತದೆ, ಹಿಂದಿನ ಚೈನು ಹಿಡಿದ ಸ್ಪ್ರಾಕೆಟ್ ಕ್ಲಚ್ ಸ್ಪ್ರಾಕೆಟ್ಟಿಗಿಂತ ಚಿಕ್ಕದು. ಎರಡೂ ಸೇರಿ ಹಿಂದಿನ ಚೈನಿನ ಎಳೆತ ಪ್ರೈಮರಿಯ ಎಳೆತದ ಹಲವು ಪಟ್ಟಾಗಿ, ಪೆಟ್ಟಿಗೆ ನಾನೆಂದುಕೊಂಡಂತೆ ಮುಂದಕ್ಕಲ್ಲ, ಹಿಂದಕ್ಕೇ ಹೋಗುತ್ತದೆ. ಈಗ ಮೋಟಾರು ಮತ್ತು ಗೇರ್‌ಬಾಕ್ಸ್ ಎರಡಕ್ಕೂ ಸೇರಿ ಒಂದೇ ದಪ್ಪ ಪ್ಲೇಟು ಕೊಟ್ಟಿದ್ದೇವೆ. ಪರ್ಚೇಸಿನ ವರದಿಯಲ್ಲಿ ಗುಜರಿಯ ಬೆಲೆಯನ್ನು ಉಳಿತಾಯವೆಂದು ತೋರಿಸಲಾಗಿದೆ. ಪ್ಲೇಟು, ಕೇಸು ಮತ್ತು ಲೇತಿನ ಕೂಲಿ ನಮ್ಮ ವಿಭಾಗದ ಮಿತಿಮೀರಿದ ಖರ್ಚಿನಲ್ಲಿ ಕುಳಿತಿವೆ.